ನರಗಳ ಸಂದೇಶ ಅಳಿಸುವ ಕಿಣ್ವ

ಬೆಳೆಗೆ ಸಿಂಪಡಿಸುವ ಕೀಟನಾಶಕವನ್ನು ನಮ್ಮ ಹಳ್ಳಿಗಳಲ್ಲಿ ‘ಔಷಧಿ’ ಎನ್ನುತ್ತಾರೆ. ಉತ್ತರ ಕರ್ನಾಟಕದ ಕೆಲವೆಡೆ ‘ಎಣ್ಣೆ’ ಎನ್ನುವುದೂ ಉಂಟು. ಎರಡೂ ಅಡುಗೆಮನೆಗೋ ದೇವರಮನೆಯ ಗೂಡಿಗೋ ಸಲ್ಲುವ ಹೆಸರುಗಳೇ ಹೊರತು ವಿಷದ ಹೆಸರುಗಳಲ್ಲ. ಹೀಗಾಗಿಯೋ ಏನೋ, ಅದನ್ನು ಇಡುವ ಜಾಗದ ಬಗೆಗೂ ನಮ್ಮಲ್ಲಿ ಎಚ್ಚರಿಕೆ ಕಡಿಮೆ. 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಮಾರಮ್ಮನ ದೇವಸ್ಥಾನದಲ್ಲಿ ಪ್ರಸಾದ ತಿಂದವರ ಪೈಕಿ 17 ಮಂದಿ ಸತ್ತರು, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಅನ್ನಕ್ಕೆ ಬೆರೆತದ್ದು ಬೆಳೆಗೆ ಹೊಡೆಯುವ ಕೀಟನಾಶಕ. ಅಂದು ಆಸ್ಪತ್ರೆ ಸೇರಿದವರಲ್ಲಿ ಹಲವರನ್ನು ದಿನಗಟ್ಟಲೆ ಕೃತಕ ಉಸಿರಾಟದ ಯಂತ್ರಕ್ಕೆ ಜೋಡಿಸಬೇಕಾಯಿತು.

ಹುಳುವನ್ನು ಕೊಲ್ಲಲು ಮಾಡಿದ ದ್ರವ ಮನುಷ್ಯನ ಉಸಿರನ್ನು ನಿಲ್ಲಿಸುವುದೇಕೆ? ಇದಕ್ಕೆ ಉತ್ತರ ಹೊಟ್ಟೆಯಲ್ಲಿಲ್ಲ, ನರಗಳಲ್ಲಿದೆ. ನರದ ತುದಿಯಲ್ಲಿ ಸದ್ದಿಲ್ಲದೆ ದುಡಿಯುವ ಒಂದು ಕಿಣ್ವವನ್ನು ತಿಳಿದುಕೊಂಡರೆ ವಿಷದ ಲಕ್ಷಣಗಳೂ ಅದರ ಚಿಕಿತ್ಸೆಯೂ ತಾವಾಗಿಯೇ ಅರ್ಥವಾಗುತ್ತವೆ. ಅದೇ ಕಿಣ್ವದ ತಿಳಿವಳಿಕೆ ಮರೆವಿನ ಕಾಯಿಲೆಯ ಹಿರಿಯರಿರುವ ಮನೆಗೂ ಶಸ್ತ್ರಚಿಕಿತ್ಸೆಗೆ ಹೊರಟವರಿಗೂ ಉಪಯೋಗಕ್ಕೆ ಬರುತ್ತದೆ.

ಕಪ್ಪೆಯ ಹೃದಯ ಹೇಳಿದ ಗುಟ್ಟು

ನರ ಎಂದರೆ ವಿದ್ಯುತ್ ತಂತಿ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಅದು ಅರ್ಧ ಮಾತ್ರ ಸರಿ. ನರದ ಉದ್ದಕ್ಕೂ ಹರಿಯುವುದು ವಿದ್ಯುತ್ ಸಂಜ್ಞೆಯೇ. ಆದರೆ ನರದ ತುದಿಗೂ ಮುಂದಿನ ನರಕೋಶಕ್ಕೂ, ಅಥವಾ ನರದ ತುದಿಗೂ ಸ್ನಾಯುವಿಗೂ ನಡುವೆ ಅತಿ ಸಣ್ಣ ಕಂದಕವೊಂದಿರುತ್ತದೆ. ಬಹುತೇಕ ಕಡೆ ವಿದ್ಯುತ್ ಅದನ್ನು ದಾಟಲಾರದು. ಅಲ್ಲಿ ನರ ಒಂದು ರಾಸಾಯನಿಕವನ್ನು ಸುರಿಯುತ್ತದೆ. ಅದು ಆಚೆ ದಡದಲ್ಲಿರುವ ‘ಗ್ರಾಹಕ’ಗಳೆಂಬ ಪ್ರೋಟೀನುಗಳಿಗೆ ಹೋಗಿ ಕೂಡುತ್ತದೆ. ಬೀಗಕ್ಕೆ ಕೀಲಿ ಕೂಡುವಂತೆ ಎಂದಿಟ್ಟುಕೊಳ್ಳಿ. ಹೀಗೆ ಸುದ್ದಿ ಒಯ್ಯುವ ರಾಸಾಯನಿಕಗಳಿಗೆ ನರವಾಹಕಗಳೆಂದು ಹೆಸರು.

ಇದನ್ನು ಮೊದಲು ಸಾಧಿಸಿ ತೋರಿಸಿದವರು ಆಸ್ಟ್ರಿಯಾದ ಗ್ರಾಟ್ಸ್ ನಗರದಲ್ಲಿದ್ದ ಆಟೊ ಲೋವಿ. 1921ರಲ್ಲಿ ಅವರು ಎರಡು ಕಪ್ಪೆಗಳ ಹೃದಯಗಳನ್ನು ಬೇರೆಬೇರೆಯಾಗಿ ಲವಣದ ನೀರಿನಲ್ಲಿ ಇಟ್ಟರು. ಮೊದಲನೆಯ ಹೃದಯಕ್ಕೆ ಬರುವ ವೇಗಸ್ ನರವನ್ನು ಕೆಣಕಿದಾಗ ಅದರ ಬಡಿತ ನಿಧಾನವಾಯಿತು. ಆ ಹೃದಯದಲ್ಲಿದ್ದ ನೀರನ್ನು ತೆಗೆದು ಎರಡನೆಯದಕ್ಕೆ ಹಾಕಿದರು. ಯಾವ ನರವನ್ನೂ ಮುಟ್ಟದೆಯೇ ಅದೂ ನಿಧಾನವಾಯಿತು! ನೀರಿನಲ್ಲಿ ಯಾವುದೋ ವಸ್ತು ಇದ್ದಿರಲೇಬೇಕು. ಅದು ಅಸಿಟೈಲ್‌ಕೋಲಿನ್ ಎಂಬುದು ಆಮೇಲೆ ಖಚಿತವಾಯಿತು. ಈ ಪ್ರಯೋಗ ತಮಗೆ ಹೊಳೆದದ್ದು ಕನಸಿನಲ್ಲಿ ಎಂದು ಲೋವಿ ಹೇಳುತ್ತಿದ್ದರು. ಮೊದಲ ರಾತ್ರಿ ನಿದ್ದೆಗಣ್ಣಲ್ಲಿ ಬರೆದಿಟ್ಟದ್ದನ್ನು ಬೆಳಿಗ್ಗೆ ಅವರಿಗೇ ಓದಲಾಗಲಿಲ್ಲವಂತೆ. ಮರುರಾತ್ರಿ ಅದೇ ಕನಸು ಬಿದ್ದಾಗ ಎದ್ದು ನೇರ ಪ್ರಯೋಗಶಾಲೆಗೆ ನಡೆದರು. 1936ರಲ್ಲಿ ಲೋವಿ ಮತ್ತು ಇಂಗ್ಲೆಂಡಿನ ಹೆನ್ರಿ ಡೇಲ್ ಇಬ್ಬರಿಗೂ ನೊಬೆಲ್ ಬಹುಮಾನ ಬಂತು.

ಹೇಳಿದ ಮಾತನ್ನು ಅಳಿಸುವವರು ಬೇಕು

ಸುದ್ದಿ ತಲುಪಿಸುವುದು ಎಷ್ಟು ಮುಖ್ಯವೋ ತಲುಪಿದ ಕೂಡಲೇ ಅದನ್ನು ಅಳಿಸುವುದೂ ಅಷ್ಟೇ ಮುಖ್ಯ. ಶಾಲೆಯ ಕರಿಹಲಗೆಯನ್ನು ನೆನಪಿಸಿಕೊಳ್ಳಿ. ಅಳಿಸದೆ ಬರೆಯುತ್ತಲೇ ಹೋದರೆ ಕೊನೆಗೆ ಏನನ್ನೂ ಓದಲಾಗುವುದಿಲ್ಲ. ನೀವು ಈ ಪತ್ರಿಕೆಯ ಪುಟ ತಿರುವುವಾಗ ಬೆರಳಿನ ಸ್ನಾಯುಗಳು ಬಿಗಿಯಾಗಿ ಮತ್ತೆ ಸಡಿಲವಾಗಬೇಕು. ಸಡಿಲವಾಗಬೇಕಾದರೆ ನರ ಸುರಿದ ಅಸಿಟೈಲ್‌ಕೋಲಿನ್ ಅಲ್ಲಿಂದ ಮಾಯವಾಗಬೇಕು.

ಈ ಕೆಲಸ ಮಾಡುವುದು ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವ. ಹೆಸರು ಉದ್ದ, ಕೆಲಸ ಚುರುಕು. ಇದರ ಒಂದೇ ಅಣು ಒಂದು ಸೆಕೆಂಡಿನಲ್ಲಿ ಸಾವಿರಾರು ಅಸಿಟೈಲ್‌ಕೋಲಿನ್ ಅಣುಗಳನ್ನು ಕತ್ತರಿಸಬಲ್ಲದು. ನಮ್ಮ ಶರೀರದ ಅತಿ ವೇಗದ ಕಿಣ್ವಗಳ ಸಾಲಿಗೆ ಇದು ಸೇರುತ್ತದೆ. ಕತ್ತರಿಸಿದ ಎರಡು ತುಂಡುಗಳ ಪೈಕಿ ಕೋಲಿನ್ ಎಂಬುದನ್ನು ನರದ ತುದಿ ಮತ್ತೆ ಒಳಗೆಳೆದುಕೊಂಡು ಹೊಸ ಅಸಿಟೈಲ್‌ಕೋಲಿನ್ ತಯಾರಿಸುತ್ತದೆ. ಹೀಗಾಗಿ ಯಾವುದೂ ದಂಡವಾಗುವುದಿಲ್ಲ.

ಅಸಿಟೈಲ್‌ಕೋಲಿನ್ ಕೂಡುವ ಗ್ರಾಹಕಗಳಲ್ಲಿ ಎರಡು ಬಗೆ ಎಂಬುದನ್ನು ಇಲ್ಲಿ ಗಮನಿಸಬೇಕು. ಮೊದಲನೆಯದಕ್ಕೆ ಮಸ್ಕರಿನಿಕ್ ಎಂದು ಹೆಸರು. ಕಣ್ಣಿನ ಪಾಪೆ, ಜೊಲ್ಲು ಮತ್ತು ಬೆವರಿನ ಗ್ರಂಥಿಗಳು, ಶ್ವಾಸನಾಳ, ಹೃದಯ, ಕರುಳು, ಮೂತ್ರಕೋಶ ಇವುಗಳಲ್ಲಿ ಇರುವುದು ಇದು. ಎರಡನೆಯದು ನಿಕೋಟಿನಿಕ್. ಕೈಕಾಲು ಆಡಿಸುವ, ಉಸಿರು ಎಳೆಯುವ ಸ್ನಾಯುಗಳಲ್ಲಿ ಇರುವುದು ಇದು. ಮಿದುಳಿನಲ್ಲಿ ಎರಡೂ ಇವೆ.

ಕಿಣ್ವದ ಬಾಯಿಗೆ ಬೀಗ

1930ರ ದಶಕದಲ್ಲಿ ಜರ್ಮನಿಯ ಗೆರ್ಹಾರ್ಡ್ ಶ್ರಾಡರ್ ಎಂಬ ರಸಾಯನ ವಿಜ್ಞಾನಿ ಬೆಳೆಯ ಹುಳುಗಳನ್ನು ಕೊಲ್ಲುವ ಹೊಸ ವಸ್ತುಗಳನ್ನು ಹುಡುಕುತ್ತಿದ್ದರು. ರಂಜಕವನ್ನು ಒಳಗೊಂಡ ಆರ್ಗನೊಫಾಸ್ಫರಸ್ ಸಂಯುಕ್ತಗಳು ಅವರ ಕೈಗೆ ಸಿಕ್ಕವು. ಅದೇ ಹುಡುಕಾಟದಲ್ಲಿ 1936ರಲ್ಲಿ ಟಾಬುನ್, 1938ರಲ್ಲಿ ಸರಿನ್ ಎಂಬ ಯುದ್ಧದ ವಿಷಗಳೂ ಹುಟ್ಟಿದವು. 1995ರ ಮಾರ್ಚ್‌ನಲ್ಲಿ ಟೋಕಿಯೊದ ಸುರಂಗ ರೈಲಿನಲ್ಲಿ ದುಷ್ಕರ್ಮಿಗಳು ಬಿಟ್ಟದ್ದು ಇದೇ ಸರಿನ್. ಹೊಲಕ್ಕೆ ಹೊಡೆಯುವ ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್, ಮೊನೊಕ್ರೊಟೊಫಾಸ್‌ಗಳು ಅದೇ ವಂಶದ ದಾಯಾದಿಗಳು. ತೀವ್ರತೆಯಲ್ಲಿ ವ್ಯತ್ಯಾಸವಿದೆ, ಹಿಡಿತ ಒಂದೇ ಬಗೆಯದು.

ಇವು ಕಿಣ್ವದ ಕತ್ತರಿಯ ಬಾಯಿಗೇ ಹೋಗಿ ಕಚ್ಚಿಕೊಳ್ಳುತ್ತವೆ. ಹುಳುವಿನ ನರಮಂಡಲದಲ್ಲಿಯೂ ನಮ್ಮದರಲ್ಲಿಯೂ ಈ ಕಿಣ್ವ ಹೆಚ್ಚುಕಡಿಮೆ ಒಂದೇ ರೀತಿಯದಾದ್ದರಿಂದ ವಿಷಕ್ಕೆ ಹುಳು ಬೇರೆ, ಮನುಷ್ಯ ಬೇರೆ ಅಲ್ಲ. ಕಾರ್ಬಮೇಟ್ ಎಂಬ ಇನ್ನೊಂದು ಗುಂಪಿನ ಕೀಟನಾಶಕಗಳೂ ಹೀಗೆಯೇ ಕಚ್ಚುತ್ತವೆ, ಆದರೆ ತಾವಾಗಿಯೇ ಬೇಗ ಬಿಡುತ್ತವೆ. (ಸೊಳ್ಳೆಬತ್ತಿಯಲ್ಲಿರುವುದು ಪೈರೆಥ್ರಾಯ್ಡ್ ಎಂಬ ಬೇರೆ ಗುಂಪು. ಅದಕ್ಕೂ ಈ ಕಿಣ್ವಕ್ಕೂ ಸಂಬಂಧವಿಲ್ಲ.)

ಕಿಣ್ವ ಕೆಲಸ ನಿಲ್ಲಿಸಿತೆಂದರೆ ಅಸಿಟೈಲ್‌ಕೋಲಿನ್ ಕಂದಕದಲ್ಲಿ ತುಂಬಿ ನಿಲ್ಲುತ್ತದೆ. ಮಸ್ಕರಿನಿಕ್ ಗ್ರಾಹಕಗಳು ಬಿಡುವಿಲ್ಲದೆ ಕೆರಳುತ್ತವೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದಾಗುತ್ತದೆ, ಕಣ್ಣು ಮಂಜಾಗುತ್ತದೆ. ಬಾಯಲ್ಲಿ ಜೊಲ್ಲು, ಮೈತುಂಬ ಬೆವರು, ವಾಂತಿ, ಭೇದಿ, ತಡೆಯಲಾಗದ ಮೂತ್ರ. ಎದೆಯಲ್ಲಿ ಗೊರಗೊರ ಸದ್ದು, ಏಕೆಂದರೆ ಶ್ವಾಸನಾಳಗಳು ಬಿಗಿದುಕೊಂಡು ಅವುಗಳಲ್ಲಿ ನೀರಿನಂಥ ಕಫ ತುಂಬುತ್ತದೆ. ನಾಡಿ ನಿಧಾನವಾಗಬಹುದು. ನಿಕೋಟಿನಿಕ್ ಗ್ರಾಹಕಗಳ ಕಡೆಯಿಂದ ಸ್ನಾಯುಗಳು ಚರ್ಮದಡಿ ಹುಳು ಹರಿದಂತೆ ಅದುರತೊಡಗುತ್ತವೆ. ಆಮೇಲೆ ಕೈಕಾಲು ಸೋಲುತ್ತದೆ.

ಅದುರುತ್ತಿದ್ದ ಸ್ನಾಯು ಸೋಲುವುದು ಹೇಗೆ ಎಂದು ನೀವು ಕೇಳಬಹುದು. ಸಂದೇಶ ಹೆಚ್ಚಾದರೆ ಬಲವೂ ಹೆಚ್ಚಬೇಕಲ್ಲವೆ? ಇಲ್ಲಿ ಗ್ರಾಹಕದ ಸ್ವಭಾವವನ್ನು ತಿಳಿಯಬೇಕು. ಎಡೆಬಿಡದೆ ಬಾಗಿಲು ಬಡಿದರೆ ಒಳಗಿನವರು ಕಿವಿಗೊಡುವುದನ್ನು ಬಿಡುವಂತೆ, ನರವಾಹಕ ಬಿಡದೆ ಕೂತಿದ್ದರೆ ಗ್ರಾಹಕ ಜಡವಾಗುತ್ತದೆ. 1957ರಲ್ಲಿ ಬರ್ನಾರ್ಡ್ ಕಾಟ್ಜ್ ಮತ್ತು ಸ್ಟೀಫನ್ ತೆಸ್ಲೆಫ್ ಕಪ್ಪೆಯ ಸ್ನಾಯುವಿನಲ್ಲಿ ಇದನ್ನು ವಿವರವಾಗಿ ತೋರಿಸಿದರು. ಉಸಿರಾಟದ ಸ್ನಾಯುಗಳು ಈ ರೀತಿ ಜಡವಾದರೆ ಉಸಿರು ನಿಲ್ಲುತ್ತದೆ. ಮಿದುಳಿನ ಉಸಿರಾಟದ ಕೇಂದ್ರವೂ ಇದರಿಂದ ಮಂಕಾಗುತ್ತದೆ. ಈ ವಿಷದಿಂದ ಸಾವು ಬರುವ ಮುಖ್ಯ ದಾರಿ ಇದೇ.

ಗ್ರಾಹಕದ ಕಿವಿ ಹಿಂಡುವ ಕಿಣ್ವಗಳು

ಸ್ವಲ್ಪ ಪಕ್ಕಕ್ಕೆ ಸರಿದು ಒಂದು ಮಾತು. ಕೋಲಿನೆಸ್ಟರೇಸ್ ಗ್ರಾಹಕವನ್ನು ಮುಟ್ಟುವುದಿಲ್ಲ, ಅದರ ಕೀಲಿಯನ್ನಷ್ಟೇ ಮುರಿಯುತ್ತದೆ. ಗ್ರಾಹಕವನ್ನೇ ಹಿಡಿದು ತಿದ್ದುವ ಕಿಣ್ವಗಳೂ ಇವೆ. ಅವುಗಳಿಗೆ ಕೈನೇಸ್ ಎಂದು ಹೆಸರು. ಇವು ಗ್ರಾಹಕಕ್ಕೆ ಫಾಸ್ಫೇಟ್ ತುಣುಕೊಂದನ್ನು ಅಂಟಿಸಿ ಅದರ ಚುರುಕನ್ನು ಏರಿಸುತ್ತವೆ ಅಥವಾ ಇಳಿಸುತ್ತವೆ. ಫಾಸ್ಫಟೇಸ್ ಎಂಬ ಮತ್ತೊಂದು ಬಗೆಯ ಕಿಣ್ವ ಆ ತುಣುಕನ್ನು ಕಿತ್ತು ಹಾಕುತ್ತದೆ. ನರಕೋಶಗಳಲ್ಲಿ ಈ ಅಂಟಿಸುವ ಕೀಳುವ ಆಟದ ಮಹತ್ವ ಕಂಡುಕೊಂಡ ಅಮೆರಿಕದ ಪಾಲ್ ಗ್ರೀನ್‌ಗಾರ್ಡ್ 2000ದ ನೊಬೆಲ್ ಪುರಸ್ಕಾರದಲ್ಲಿ ಪಾಲುದಾರರು.

ನಾರಡ್ರಿನಲಿನ್ ಹಿಡಿಯುವ ಬೀಟಾ ಗ್ರಾಹಕಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಅತಿಯಾಗಿ ಕೆರಳಿಸಿದರೆ ಕೈನೇಸ್ ಬಂದು ಗುರುತು ಹಾಕುತ್ತದೆ, ಗುರುತು ಬಿದ್ದ ಗ್ರಾಹಕ ಕೋಶದೊಳಕ್ಕೆ ಸರಿಯುತ್ತದೆ. ಉಬ್ಬಸದವರು ಸಾಲ್ಬುಟಮಾಲ್ ಪಂಪನ್ನು ದಿನವಿಡೀ ಎಳೆಯುತ್ತಾ ಹೋದರೆ ಅದರ ಗುಣ ಕುಗ್ಗುವುದಕ್ಕೆ ಇದೂ ಒಂದು ಕಾರಣ. ತದ್ವಿರುದ್ಧವಾಗಿ, ಪ್ರೊಪ್ರನಲಾಲ್, ಅಟೆನಲಾಲ್‌ನಂಥ ಮಾತ್ರೆಗಳಿಂದ ಬಹುಕಾಲ ಮುಚ್ಚಿಟ್ಟ ಗ್ರಾಹಕಗಳು ಸಂಖ್ಯೆಯಲ್ಲಿ ಹೆಚ್ಚಿ ಕಾದು ಕೂತಿರುತ್ತವೆ. ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಎದೆಬಡಿತ, ರಕ್ತದೊತ್ತಡದ ಏರಿಕೆ, ಹೃದ್ರೋಗಿಗಳಲ್ಲಿ ಎದೆನೋವು ಕಾಣಬಹುದು. ‘ಬಿ.ಪಿ. ಸರಿಹೋಯಿತು’ ಎಂದು ತಾವೇ ಮಾತ್ರೆ ಬಿಡುವವರು ಇದನ್ನು ಓದಿಕೊಂಡರೆ ಒಳ್ಳೆಯದು. ಇಂಥ ಮಾತ್ರೆಯನ್ನು ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ಈಗ ಮತ್ತೆ ವಿಷದ ವಿಷಯಕ್ಕೆ. ಮೊದಲ ಔಷಧ ಅಟ್ರೊಪಿನ್. ಇದು ಮಸ್ಕರಿನಿಕ್ ಗ್ರಾಹಕದ ಬೀಗಕ್ಕೆ ಅಡ್ಡಗಟ್ಟಿ ಕೂರುತ್ತದೆ. ಅಸಿಟೈಲ್‌ಕೋಲಿನ್ ಎಷ್ಟೇ ತುಂಬಿದ್ದರೂ ಒಳಗೆ ಹೋಗಲು ಎಡೆಯಿಲ್ಲ. ಎದೆಯ ಗೊರಗೊರ ನಿಂತು ನಾಡಿ ಮೇಲೇರುವವರೆಗೆ ಅದನ್ನು ಮತ್ತೆಮತ್ತೆ ಕೊಡುತ್ತಾರೆ. ಬೇರೆ ಕಾಯಿಲೆಗಳಲ್ಲಿ ಒಂದು ಚುಚ್ಚುಮದ್ದು ಸಾಕಾದರೆ ಇಲ್ಲಿ ಹತ್ತಾರು ಬೇಕಾಗುವುದುಂಟು. ದತ್ತೂರಿ ಗಿಡದಲ್ಲಿರುವುದೂ ಇದೇ ಜಾತಿಯ ವಸ್ತು. ಆದ್ದರಿಂದ ಅಟ್ರೊಪಿನ್ ಹೆಚ್ಚಾದಾಗ ರೋಗಿ ದತ್ತೂರಿ ತಿಂದವರಂತೆ ಬಡಬಡಿಸುತ್ತಾನೆ, ಹಾಸಿಗೆಯ ಬಟ್ಟೆ ಕೀಳುತ್ತಾನೆ, ಇಲ್ಲದವರನ್ನು ಕಂಡಂತೆ ಮಾತಾಡುತ್ತಾನೆ. ಮನೆಯವರು ‘ತಲೆ ಕೆಟ್ಟಿತು’ ಎಂದು ಹೆದರಬಾರದು. ದಾದಿಯರಿಗೆ ತಿಳಿಸಿ, ಔಷಧದ ಪ್ರಮಾಣ ಸರಿಪಡಿಸಿದರೆ ಇಳಿಯುತ್ತದೆ.

ಅಟ್ರೊಪಿನ್ ನಿಕೋಟಿನಿಕ್ ಗ್ರಾಹಕವನ್ನು ಮುಟ್ಟುವುದಿಲ್ಲ. ಸೋತ ಸ್ನಾಯುವಿಗೆ ಅದರಿಂದ ಬಲ ಬರದು. ಅದಕ್ಕಾಗಿ ಕಿಣ್ವಕ್ಕೆ ಕಚ್ಚಿಕೊಂಡ ವಿಷವನ್ನೇ ಕೀಳಬಲ್ಲ ಪ್ರಾಲಿಡಾಕ್ಸಿಮ್ ಎಂಬ ಔಷಧವನ್ನು 1950ರ ದಶಕದಲ್ಲಿ ಕಂಡುಹಿಡಿದರು. ಆಸ್ಪತ್ರೆಗಳಲ್ಲಿ ಇದನ್ನು ‘ಪಾಮ್’ ಎನ್ನುತ್ತಾರೆ. ಆದರೆ ಇದಕ್ಕೆ ಗಡುವು ಇದೆ. ವಿಷ ಮತ್ತು ಕಿಣ್ವದ ಬೆಸುಗೆ ಹೊತ್ತು ಕಳೆದಂತೆ ಗಟ್ಟಿಯಾಗುತ್ತದೆ. ಕೆಲವು ಕೀಟನಾಶಕಗಳಲ್ಲಿ ಕೆಲವೇ ಗಂಟೆಗಳಲ್ಲಿ, ಇನ್ನು ಕೆಲವದರಲ್ಲಿ ಒಂದು ದಿನಕ್ಕೂ ಮಿಕ್ಕಿದ ಅವಧಿಯಲ್ಲಿ. ಗಟ್ಟಿಯಾದ ಮೇಲೆ ಯಾವ ಔಷಧವೂ ಅದನ್ನು ಕೀಳಲಾರದು. ಇದರ ಉಪಯೋಗದ ಬಗ್ಗೆ ವೈದ್ಯರಲ್ಲಿ ಒಮ್ಮತವಿಲ್ಲ ಎಂಬುದನ್ನೂ ಹೇಳಬೇಕು. 2006ರಲ್ಲಿ ಮಹಾರಾಷ್ಟ್ರದ ಬಾರಾಮತಿಯಿಂದ ಬಂದ ಅಧ್ಯಯನ ದೊಡ್ಡ ಪ್ರಮಾಣದಲ್ಲಿ ಸತತವಾಗಿ ಕೊಟ್ಟರೆ ಲಾಭವಿದೆ ಎಂದಿತು. 2009ರಲ್ಲಿ ಶ್ರೀಲಂಕಾದ ಅಧ್ಯಯನ ಲಾಭ ಕಾಣಲಿಲ್ಲ ಎಂದಿತು. ಬೇಗನೆ ಅಟ್ರೊಪಿನ್, ಬೇಗನೆ ಉಸಿರಾಟದ ಆಸರೆ, ಈ ಎರಡರ ಬಗ್ಗೆ ಮಾತ್ರ ತಕರಾರಿಲ್ಲ. ನನ್ನ ದೃಷ್ಟಿಯಲ್ಲಿ ‘ಪಾಮ್ ಎಲ್ಲಿ ಸಿಗುತ್ತದೆ’ ಎಂದು ಊರೂರು ಸುತ್ತುವುದಕ್ಕಿಂತ ಉಸಿರಾಟದ ಯಂತ್ರ ಇರುವ ಆಸ್ಪತ್ರೆಗೆ ಬೇಗ ತಲುಪುವುದು ಮೇಲು.

ಇನ್ನೊಂದು ಅಪಾಯವನ್ನು ಮನೆಯವರು ಮುಖ್ಯವಾಗಿ ತಿಳಿದಿರಬೇಕು. ಮೊದಲ ದಿನ ಚೇತರಿಸಿಕೊಂಡು, ಮಾತಾಡಿ, ಗಂಜಿ ಕುಡಿದ ರೋಗಿಗೆ ಒಂದರಿಂದ ನಾಲ್ಕು ದಿನಗಳೊಳಗೆ ಕುತ್ತಿಗೆ ಸೋತು, ತಲೆ ಎತ್ತಲಾಗದೆ, ಉಸಿರು ಕಟ್ಟಬಹುದು. 1987ರಲ್ಲಿ ಶ್ರೀಲಂಕಾದ ವೈದ್ಯರು ಇದನ್ನು ಗುರುತಿಸಿ ‘ಮಧ್ಯಂತರ ಲಕ್ಷಣಕೂಟ’ ಎಂದು ಹೆಸರಿಟ್ಟರು. ‘ಹುಷಾರಾದನಲ್ಲ, ಬಿಟ್ಟುಬಿಡಿ, ಮನೆಗೆ ಕರೆದೊಯ್ಯುತ್ತೇವೆ’ ಎಂದು ಎರಡನೇ ದಿನವೇ ಒತ್ತಾಯಿಸುವುದು ಆದ್ದರಿಂದ ಬಹಳ ಅಪಾಯದ ಕೆಲಸ. ‘ದಿಂಬಿನಿಂದ ತಲೆ ಎತ್ತಿ ನೋಡಪ್ಪ’ ಎಂದು ವೈದ್ಯರು ದಿನಕ್ಕೆ ಹತ್ತು ಸಲ ಕೇಳುವುದು ಇದನ್ನು ಪತ್ತೆಹಚ್ಚಲೆಂದೇ.

ನಿಮ್ಮ ಕೈಯಲ್ಲಿರುವುದು

ವಿಷ ಒಳಗೆ ಹೋಗಿದೆ ಎಂಬ ಅನುಮಾನ ಬಂದ ಕೂಡಲೇ 108ಕ್ಕೆ ಫೋನ್ ಮಾಡಿ. ಉಪ್ಪುನೀರು, ಸಾಬೂನು ನೀರು, ಹುಣಸೆ ಹುಳಿ ಕುಡಿಸಿ ವಾಂತಿ ಮಾಡಿಸಬೇಡಿ. ಬಹಳಷ್ಟು ಕೀಟನಾಶಕಗಳನ್ನು ಸೀಮೆಎಣ್ಣೆಯ ಜಾತಿಯ ದ್ರಾವಣದಲ್ಲಿ ಕರಗಿಸಿರುತ್ತಾರೆ. ಅರೆಪ್ರಜ್ಞೆಯಲ್ಲಿ ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಇಳಿದು ಇನ್ನೊಂದು ಅನಾಹುತವಾಗುತ್ತದೆ. ಹಾಲು, ಎಣ್ಣೆ, ಮಜ್ಜಿಗೆ ಯಾವುದೂ ಬೇಡ. ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿ, ಬಾಯಿಯ ಜೊಲ್ಲು ಹೊರಗೆ ಹರಿಯುವಂತಿರಲಿ. ಬಟ್ಟೆಯ ಮೇಲೆ ಚೆಲ್ಲಿದ್ದರೆ ಬಟ್ಟೆ ಬಿಚ್ಚಿ ಮೈ, ಕೂದಲು, ಉಗುರಿನ ಸಂದಿಗಳನ್ನು ಸಾಬೂನು ಹಚ್ಚಿ ಧಾರಾಳ ನೀರಿನಲ್ಲಿ ತೊಳೆಯಿರಿ. ಈ ವಿಷ ಚರ್ಮದ ಮೂಲಕವೂ ಇಳಿಯುವುದರಿಂದ ತೊಳೆಯುವವರು ಕೈಗೆ ರಬ್ಬರ್ ಕವಚವನ್ನಾದರೂ ಪ್ಲಾಸ್ಟಿಕ್ ಚೀಲವನ್ನಾದರೂ ಹಾಕಿಕೊಳ್ಳಬೇಕು. ವಿಷದ ಡಬ್ಬಿಯನ್ನು ಬಿಸಾಡದೆ ಜೊತೆಗೆ ಒಯ್ಯಿರಿ. ಅದರ ಮೇಲಿನ ಹೆಸರು ವೈದ್ಯರಿಗೆ ಅರ್ಧ ಗಂಟೆ ಉಳಿಸಿಕೊಡುತ್ತದೆ.

ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ನೋಡುವ ಅಭ್ಯಾಸ ಮಾಡಿಕೊಳ್ಳಿ. ಕೆಂಪು ಅತ್ಯಂತ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಎಂದರೆ ಕಡಿಮೆ ವಿಷ ಎಂದೇ ಹೊರತು ನಿರಪಾಯ ಎಂದಲ್ಲ. ಖಾಲಿ ಡಬ್ಬಿಯನ್ನು ತೊಳೆದು ಮನೆಬಳಕೆಗೆ ಇಟ್ಟುಕೊಳ್ಳಬೇಡಿ. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಊಟದಲ್ಲಿ ಸಿಕ್ಕಿದ್ದು ಮೊನೊಕ್ರೊಟೊಫಾಸ್.

ಸಿಂಪಡಿಸುವವರ ಮನೆಯವರಿಗೆ ಒಂದು ಮಾತು. ವಿಷ ಬಡಿದ ಕಿಣ್ವದ ಜಾಗಕ್ಕೆ ಶರೀರ ಹೊಸದನ್ನು ತಯಾರಿಸಿಕೊಳ್ಳಲು ವಾರಗಳೇ ಬೇಕು. ಕೆಂಪು ರಕ್ತಕಣಗಳಲ್ಲಂತೂ ಹಳೆಯ ಕಣ ಹೋಗಿ ಹೊಸದು ಬರಬೇಕು, ಅದಕ್ಕೆ ಮೂರ್ನಾಲ್ಕು ತಿಂಗಳು. ಆದ್ದರಿಂದ ದಿನವೂ ಕೂಲಿಗೆ ಸಿಂಪಡಿಸುವವರಲ್ಲಿ ಇಂದಿನ ನಷ್ಟಕ್ಕೆ ನಾಳಿನ ನಷ್ಟ ಸೇರುತ್ತಾ ಹೋಗುತ್ತದೆ. ‘ಒಂಬತ್ತು ದಿನ ಏನೂ ಆಗಲಿಲ್ಲ, ಹತ್ತನೇ ದಿನ ಬಿದ್ದ’ ಎಂಬಂಥ ಮಾತಿನ ಹಿಂದಿನ ಕಾರಣ ಇದೇ. ಸಂಜೆ ತಲೆನೋವು, ಬಾಯಿ ನೀರೂರುವುದು, ಕಣ್ಣು ಮಂಜಾಗುವುದು ಕಂಡರೆ ಮರುದಿನ ಸಿಂಪಡಿಸಲು ಹೋಗಕೂಡದು. ರಕ್ತದಲ್ಲಿ ಕೋಲಿನೆಸ್ಟರೇಸ್ ಎಷ್ಟಿದೆ ಎಂಬ ಪರೀಕ್ಷೆ ದೊಡ್ಡ ಆಸ್ಪತ್ರೆಗಳಲ್ಲಿ ಲಭ್ಯ. ಸಿಂಪಡಿಸಿದ ಬಟ್ಟೆಯನ್ನು ಮಕ್ಕಳ ಬಟ್ಟೆಯೊಂದಿಗೆ ನೆನೆಹಾಕಬೇಡಿ.

ಕೀಟನಾಶಕ ಕುಡಿದು ಆಸ್ಪತ್ರೆಗೆ ಬರುವವರಲ್ಲಿ ಅನೇಕರು ಆ ಗಳಿಗೆಯ ಸಿಟ್ಟು, ಸಂಕಟಗಳಲ್ಲಿ ಕೈಗೆ ಸಿಕ್ಕದ್ದನ್ನು ಕುಡಿದವರು. ಕೈಗೆ ಸಿಗದಿದ್ದರೆ ಆ ಗಳಿಗೆ ಕಳೆದುಹೋಗುತ್ತದೆ. ಡಬ್ಬಿಯನ್ನು ಮನೆಯ ಹೊರಗೆ, ಬೀಗ ಹಾಕಿದ ಪೆಟ್ಟಿಗೆಯಲ್ಲಿಡಿ, ಬೇಕಾದಷ್ಟನ್ನೇ ಕೊಳ್ಳಿ. ಮನೆಯಲ್ಲಿ ಯಾರಾದರೂ ಬದುಕು ಸಾಕೆನ್ನುವ ಮಾತಾಡುತ್ತಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲಿಯೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ಅದೇ ಬೀಗ, ಔಷಧವಾಗಿ

ಕಿಣ್ವವನ್ನು ತಡೆಯುವುದು ಯಾವಾಗಲೂ ಕೆಡುಕಲ್ಲ. ಆಫ್ರಿಕದ ಕಲಬಾರ್ ಪ್ರದೇಶದಲ್ಲಿ ಹಿಂದೆ ಅಪರಾಧಿಯೋ ಅಲ್ಲವೋ ಎಂದು ತೀರ್ಮಾನಿಸಲು ತಿನ್ನಿಸುತ್ತಿದ್ದ ವಿಷದ ಕಾಳಿನಿಂದ ಫೈಸೊಸ್ಟಿಗ್ಮಿನ್ ಎಂಬ ವಸ್ತು ದೊರೆಯಿತು. ಅದು ಈ ಕಿಣ್ವವನ್ನು ಸ್ವಲ್ಪ ಹೊತ್ತು ಮಾತ್ರ ತಡೆಯುತ್ತದೆ. ಮಯಸ್ತೇನಿಯಾ ಗ್ರೇವಿಸ್ ಎಂಬ ಕಾಯಿಲೆಯಲ್ಲಿ ಶರೀರದ ರಕ್ಷಣಾ ವ್ಯವಸ್ಥೆಯೇ ಸ್ನಾಯುವಿನ ಗ್ರಾಹಕಗಳನ್ನು ಹಾಳುಮಾಡುತ್ತದೆ. ಸಂಜೆಯ ಹೊತ್ತಿಗೆ ರೆಪ್ಪೆ ಜೋಲುತ್ತದೆ, ಅಗಿಯಲು ನುಂಗಲು ಆಗುವುದಿಲ್ಲ. 1934ರಲ್ಲಿ ಇಂಗ್ಲೆಂಡಿನ ವೈದ್ಯೆ ಮೇರಿ ವಾಕರ್ ಇಂಥ ರೋಗಿಯೊಬ್ಬರಿಗೆ ಫೈಸೊಸ್ಟಿಗ್ಮಿನ್ ಕೊಟ್ಟರು. ಜೋತ ರೆಪ್ಪೆ ಮೇಲೆದ್ದಿತು. ಉಳಿದಿರುವ ಕೆಲವೇ ಗ್ರಾಹಕಗಳಿಗೆ ಅಸಿಟೈಲ್‌ಕೋಲಿನ್ ಹೆಚ್ಚು ಹೊತ್ತು ಸಿಕ್ಕಿದ್ದರ ಫಲ ಅದು. ಇಂದು ಇದೇ ಜಾತಿಯ ಪಿರಿಡೊಸ್ಟಿಗ್ಮಿನ್ ಮಾತ್ರೆಗಳನ್ನು ಕೊಡುತ್ತಾರೆ.

ಮರೆವಿನ ಕಾಯಿಲೆಯಾದ ಆಲ್ಜೈಮರ್ಸ್‌ನಲ್ಲಿ ಮಿದುಳಿನ ಅಸಿಟೈಲ್‌ಕೋಲಿನ್ ಕಡಿಮೆಯಾಗುತ್ತದೆ. ಡೊನೆಪೆಜಿಲ್, ರಿವಾಸ್ಟಿಗ್ಮಿನ್‌ಗಳು ಇರುವುದನ್ನೇ ಹೆಚ್ಚು ಹೊತ್ತು ಉಳಿಸುತ್ತವೆ. ಇವು ರೋಗವನ್ನು ನಿಲ್ಲಿಸುವುದಿಲ್ಲ, ಕೆಲವರಲ್ಲಿ ಕೆಲಕಾಲ ನೆನಪು ಮತ್ತು ದಿನನಿತ್ಯದ ಕೆಲಸ ಸ್ವಲ್ಪ ಸುಧಾರಿಸಬಹುದು. ಅಜ್ಜ ಅಥವಾ ಅಜ್ಜಿ ಈ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೊಟ್ಟೆ ತೊಳಸುವುದು, ಭೇದಿ, ತೂಕ ಇಳಿಯುವುದು, ನಾಡಿ ನಿಧಾನವಾಗಿ ತಲೆಸುತ್ತಿ ಬೀಳುವುದು ಇವುಗಳ ಮೇಲೆ ಕಣ್ಣಿಡಿ. ಇನ್ನೊಂದು ವಿಚಿತ್ರ ಸನ್ನಿವೇಶವಿದೆ. ನೆಗಡಿಗೆಂದು ಅಂಗಡಿಯಿಂದ ತಂದ ಕ್ಲೋರ್‌ಫೆನಿರಮಿನ್, ಮೂತ್ರ ತಡೆಯಲಾಗದ್ದಕ್ಕೆಂದು ಕೊಟ್ಟ ಆಕ್ಸಿಬ್ಯುಟಿನಿನ್, ಇವೆರಡೂ ಅಟ್ರೊಪಿನ್‌ನಂತೆ ಮಸ್ಕರಿನಿಕ್ ಗ್ರಾಹಕವನ್ನು ಮುಚ್ಚುತ್ತವೆ. ಒಂದು ಮಾತ್ರೆ ಬಾಗಿಲು ತೆರೆಯುತ್ತದೆ, ಇನ್ನೊಂದು ಮುಚ್ಚುತ್ತದೆ. ಗೊಂದಲ ಹೆಚ್ಚುವುದು ಹಿರಿಯರಿಗೆ. ವೈದ್ಯರ ಬಳಿ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ.

ಶಸ್ತ್ರಚಿಕಿತ್ಸೆಗೆ ಮುನ್ನ

ರಕ್ತದ್ರವದಲ್ಲಿ ಈ ಕಿಣ್ವದ ಹತ್ತಿರದ ಸಂಬಂಧಿಯೊಂದಿದೆ. ಅರಿವಳಿಕೆ ಕೊಡುವಾಗ ಗಂಟಲಿಗೆ ಕೊಳವೆ ಇಳಿಸಲು ಸ್ನಾಯು ಸಡಿಲಿಸುವ ಸಕ್ಸಮೆಥೋನಿಯಮ್ ಎಂಬ ಔಷಧವನ್ನು ಕತ್ತರಿಸುವುದು ಈ ಕಿಣ್ವ. ಸಾಮಾನ್ಯವಾಗಿ ಐದು ಹತ್ತು ನಿಮಿಷಗಳಲ್ಲಿ ಔಷಧ ಇಳಿದು ರೋಗಿ ತಾನೇ ಉಸಿರಾಡುತ್ತಾನೆ. ಆದರೆ ಹುಟ್ಟಿನಿಂದಲೇ ಈ ಕಿಣ್ವ ಇಲ್ಲದವರಿದ್ದಾರೆ. ಅವರಲ್ಲಿ ಸ್ನಾಯುಗಳು ಗಂಟೆಗಟ್ಟಲೆ ಸಡಿಲವಾಗಿಯೇ ಉಳಿಯುತ್ತವೆ. ಅಷ್ಟು ಹೊತ್ತು ಯಂತ್ರದಲ್ಲಿ ಉಸಿರಾಡಿಸಿದರೆ ತೊಂದರೆಯಿಲ್ಲ. ದಿನನಿತ್ಯದ ಬದುಕಿನಲ್ಲಿ ಈ ಕೊರತೆ ಗೊತ್ತೇ ಆಗುವುದಿಲ್ಲ. ದಕ್ಷಿಣ ಭಾರತದ ಆರ್ಯವೈಶ್ಯ ಸಮುದಾಯದಲ್ಲಿ ಇದು ಬೇರೆಯವರಿಗಿಂತ ಹೆಚ್ಚಾಗಿ ಕಂಡುಬಂದಿದೆ. ಇದು ವಂಶವಾಹಿಯಲ್ಲಿ ಬರುವ ಸಣ್ಣ ವ್ಯತ್ಯಾಸ, ಕಾಯಿಲೆಯಲ್ಲ, ಮುಚ್ಚಿಡುವಂಥದ್ದೂ ಅಲ್ಲ.

ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಶಸ್ತ್ರಚಿಕಿತ್ಸೆಯ ನಂತರ ಎಚ್ಚರವಾಗಲು, ಉಸಿರಾಡಲು ಬಹಳ ತಡವಾಗಿತ್ತೆ ಎಂದು ಮನೆಯ ಹಿರಿಯರನ್ನು ಕೇಳಿ ತಿಳಿದು ಅರಿವಳಿಕೆ ತಜ್ಞರಿಗೆ ಹೇಳಿ. ಡೊನೆಪೆಜಿಲ್ ತೆಗೆದುಕೊಳ್ಳುವವರು, ಇತ್ತೀಚೆಗೆ ಕೀಟನಾಶಕ ಸಿಂಪಡಿಸಿದವರು ಕೂಡ ಅದನ್ನು ತಿಳಿಸಬೇಕು. ರಕ್ತ ಪರೀಕ್ಷೆಯಲ್ಲಿ ಕೊರತೆ ಖಚಿತವಾದರೆ ಆ ವರದಿಯ ಪ್ರತಿಯೊಂದನ್ನು ಆಧಾರ್ ಕಾರ್ಡಿನ ಜೊತೆಗೇ ಇಟ್ಟುಕೊಳ್ಳಿ, ಒಡಹುಟ್ಟಿದವರ ರಕ್ತವನ್ನೂ ಪರೀಕ್ಷೆ ಮಾಡಿಸಿ.